ಮೊದಲ ಲಾರಿ ದಾಟುವಾಗ

ಊರಿನವರು ಅವನನ್ನು ಪದಕದಣ್ಣ ಎಂದು ಕರೆಯುತ್ತಿದ್ದರು. ಯುದ್ಧದಲ್ಲಿ ನಲವತ್ತು ಜನರನ್ನು ಒಬ್ಬನೇ ಹೊಡೆದುಹಾಕಿದ್ದಕ್ಕೆ ಆ ಪದಕ ಬಂತೆಂದು ಸಿಕ್ಕ ಸಿಕ್ಕ ಸಭೆಯಲ್ಲಿ ಭಾಷಣ ಬಿಗಿಯುತ್ತಿದ್ದರು. ನಾಲಿಗೆಗೆ ಎಲುಬಿಲ್ಲ ನೋಡಿ! ಅವನು ಒಬ್ಬನನ್ನೂ ಕೊಂದಿರಲಿಲ್ಲ. ಸೇತುವೆ ಕಟ್ಟುವ ತುಕಡಿಯವನು ಅವನು. ಸೇತುವೆ ಕಟ್ಟಿದವನು ಮೊದಲ ಲಾರಿ ದಾಟುವಾಗ ಅದರ ಕೆಳಗೆ ನಿಂತಿರಬೇಕು ಎಂಬುದು ಆ ತುಕಡಿಯ ಕಟ್ಟಳೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹಾಗೆ ನಿಂತಿದ್ದಾಗ ಗುಂಡು ಬಿದ್ದು ಒಂದು ಆಸರೆಯ ಮರ ಜಾರಿತು. ಅವನು ಹೆಗಲು ಕೊಟ್ಟು ನಿಂತ. ಗಾಯಾಳುಗಳನ್ನು ತುಂಬಿಕೊಂಡ ಹನ್ನೊಂದು ಲಾರಿಗಳು ದಾಟಿಹೋದವು. ಅವತ್ತಿನಿಂದ ಅವನ ಬಲಗೈ ಕಿವಿಯಿಂದ ಮೇಲಕ್ಕೆ ಏಳುವುದಿಲ್ಲ. "ಕೊಂದಿದ್ದಕ್ಕಲ್ಲ ಕಣ್ರೋ, ಬಿಡದೆ ನಿಂತಿದ್ದಕ್ಕೆ ಕೊಟ್ಟಿದ್ದು" ಎಂದು ರೇಗುತ್ತಿದ್ದ. ಕೇಳುವವರು ಯಾರು?

ಹೀಗೆ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನನ್ನು ಪುರಸಭೆಯ ಅಧ್ಯಕ್ಷನನ್ನಾಗಿ ಮಾಡಿದರು. ಪದಕ ತೂಗುಹಾಕಿಕೊಂಡು ರಿಬ್ಬನ್ ಕತ್ತರಿಸುತ್ತ ಇರಲಿ ಎಂಬುದಷ್ಟೇ ಅವರ ಆಸೆ. ಅವನೋ ಬೆಳಿಗ್ಗೆ ಆರಕ್ಕೇ ಚರಂಡಿಗೆ ಕೋಲು ಇಳಿಸಿ ಆಳ ನೋಡಿದ, ನೀರಿನ ಟ್ಯಾಂಕಿನ ಏಣಿ ಹತ್ತಿ ಮುಚ್ಚಳ ತೆಗೆದು ಇಣುಕಿದ. ಗುಮಾಸ್ತರ ನಿದ್ದೆ ಕೆಟ್ಟಿತು.

ಕಾಲುವೆಯಾಚೆಯ ಬಡಾವಣೆಯ ಮಕ್ಕಳ ಶಾಲಾ ಬಸ್ಸಿಗೆ ಒಂದು ಸೇತುವೆ ಬೇಕಿತ್ತು. ಅದರ ಗುತ್ತಿಗೆ ಅವನ ಬಾಮೈದನಿಗೇ ಹೋಯಿತು. ತಾಯಿಯಿಲ್ಲದ ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಹೆಂಡತಿ. "ಒಂದು ಅವಕಾಶ ಕೊಡಿ" ಎಂದಳು, ಇವನು ಸುಮ್ಮನಾದ. ಹಾಗೆ ಸುಮ್ಮನಾದದ್ದಕ್ಕೆ ಆಮೇಲೆ ತನ್ನನ್ನೇ ಬೈದುಕೊಂಡದ್ದು ಅಷ್ಟಿಷ್ಟಲ್ಲ.

ಸೇತುವೆ ಮುಗಿಯಿತು. ಅವನು ಹೋಗಿ ಗಾರೆಗೆ ಉಗುರು ಹಾಕಿ ಕೆರೆದ. ಪುಡಿ ಉದುರಿತು. ಸಂಜೆ ಬಾಮೈದ ಕಾಗದ ಹಿಡಿದು ಬಂದ. "ಒಂದು ಸಹಿ ಹಾಕಿಬಿಡಿ ಭಾವ."

"ನಾಳೆ ಮರಳು ತುಂಬಿದ ಲಾರಿ ದಾಟಿಸೋಣ. ಕೆಳಗೆ ನೀನು ನಿಲ್ಲು, ನಾನೂ ನಿಲ್ತೀನಿ. ಆಮೇಲೆ ಸಹಿ."

"ಇದೇನು ಯುದ್ಧಭೂಮೀನಾ ಭಾವ? ನಾನೇನು ಕಳ್ಳತನ ಮಾಡಿದ್ದೀನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಳ್ಳತನದ ಮಾತನ್ನು ಇವನು ಎತ್ತಿಯೇ ಇರಲಿಲ್ಲ.

ಮರುದಿನ ಊರಿಗೆ ಊರೇ ದಂಡೆಯ ಮೇಲೆ ಸೇರಿತು. ಪದಕದಣ್ಣ ಪ್ಯಾಂಟು ಮಡಚಿ, ಮೊಣಕಾಲುದ್ದದ ನೀರಿಗಿಳಿದು, ಸೇತುವೆಯ ನಟ್ಟನಡುವೆ ಕೆಳಗೆ ನಿಂತ. ಬಾಮೈದ ದಂಡೆಯಲ್ಲೇ ಉಳಿದು ಮೊಬೈಲು ನೋಡುತ್ತಿದ್ದ. ಲಾರಿಯವನು ಇಂಜಿನ್ ಶುರು ಮಾಡಿದರೂ ಬಾಮೈದ ತುಟಿ ಪಿಟಕ್ಕೆನ್ನಲಿಲ್ಲ.

ಆಗ ಹೆಂಡತಿ ದಡದಡನೆ ನೀರಿಗಿಳಿದು ಬಂದಳು.

"ಊರ ಮುಂದೆ ನನ್ನ ತಮ್ಮನ ಮಾನ ಕಳೀತಿದ್ದೀರಲ್ಲ, ನೀವು ಮನುಷ್ಯರಾ? ಅವನ ಬದಲು ನಾನು ನಿಲ್ತೀನಿ. ಬರಲಿ ಲಾರಿ!"

"ಹುಚ್ಚು ಹಿಡಿದಿದೆಯೇನೇ? ಮೇಲೆ ಹೋಗು!"

"ಹೋಗಲ್ಲ. ನನ್ನ ತಮ್ಮ ಕಟ್ಟಿದ್ದು ಬೀಳಲ್ಲ."

ಲಾರಿ ನಿಲ್ಲಿಸೆಂದು ಅವನು ಕೂಗಬೇಕು ಅನ್ನುವಷ್ಟರಲ್ಲಿ ಮೇಲಿನಿಂದ ಚೀರಾಟ ಕೇಳಿತು.

"ಅಕ್ಕಾ! ಈಚೆ ಬಾ ಅಕ್ಕಾ! ಲಾರಿ ನಿಲ್ಸೋ! ಅದು ತಡೆಯಲ್ಲ, ಅರ್ಧ ಕಂಬಿನೂ ಹಾಕಿಲ್ಲ!" ಬಾಮೈದ ಚಕ್ರದ ಮುಂದೆ ಅಡ್ಡ ಬಿದ್ದಿದ್ದ.

ಇಂಜಿನ್ ನಿಂತಿತು. ಪದಕದಣ್ಣನ ಮೈಯೆಲ್ಲ ಉರಿದುಹೋಯಿತು. ಯುದ್ಧದಲ್ಲೂ ಅಷ್ಟು ಸಿಟ್ಟು ಬಂದಿರಲಿಲ್ಲ. ಬೈಯಲು ಬಾಯಿ ತೆರೆದವನನ್ನು ಹೆಂಡತಿ ಎದೆಯ ಮೇಲೆ ಕೈಯಿಟ್ಟು ತಡೆದಳು. ದಂಡೆ ಹತ್ತಿ ಹೋಗಿ ತಮ್ಮನ ಮುಂದೆ ನಿಂತಳು.

"ಇಷ್ಟು ಹೊತ್ತು ನಿಮ್ಮ ಭಾವ ಒಬ್ಬರೇ ನಿಂತಿದ್ರಲ್ಲೋ. ಆಗ ಯಾಕೋ ಕೂಗಲಿಲ್ಲ?"

ಅವನು ಚಕ್ರದ ಮುಂದಿನಿಂದ ನಿಧಾನಕ್ಕೆ ಎದ್ದ.

"ನಾಳೆ ಬಸ್ಸಲ್ಲಿ ಆ ಮಕ್ಕಳು ಹೋಗುವಾಗ ಕೂಗ್ತಿದ್ಯಾ?"

ಕಾಲು ಹಿಡಿಯಲು ಬಂದ ತಮ್ಮನ ಕೈ ಕೊಡವಿ ಅವಳು ಗಂಡನ ಕಡೆ ತಿರುಗಿದಳು. "ಒಡೆಸಿ ಇದನ್ನ. ಪೊಲೀಸ್ರಿಗೆ ನಾನೇ ಹೇಳ್ತೀನಿ."