ಅಮ್ಮನ ಹೆಣಿಗೆ ಕಡ್ಡಿಗಳು

ಪರದೇಶದಲ್ಲಿ ನಾನಿರುವ ರೇನರ್ಸ್ ಲೇನ್‌ನ ಲೈಬ್ರರಿಯಲ್ಲಿ ಹೆಣೆಯುತ್ತಲೇ ಧ್ಯಾನ ಕಲಿಸುವ ತರಗತಿಗೆ ಸೇರಿದ್ದೇನೆ. ಇಂದು ಹೀಟರ್ ಮೇಲೆ ಯಾರೋ ಒಣಹಾಕಿದ್ದ ಉಣ್ಣೆಯ ಮಫ್ಲರಿನ ವಾಸನೆಗೆ ಮೈಸೂರಿನ ನಮ್ಮ ಅಡುಗೆಮನೆ ನೆನಪಾಯಿತು.

ನನಗೆ ಚಿಕ್ಕದಾದ ಸ್ವೆಟರನ್ನು ಅಮ್ಮ ಪ್ರತಿ ಬೇಸಿಗೆಯಲ್ಲೂ ಬಿಚ್ಚಿ, ನೂಲಿನ ಸುಕ್ಕು ಹೋಗಲೆಂದು ಕುದಿಯುವ ನೀರಿನ ಹಬೆಗೆ ಹಿಡಿದು, ಮತ್ತೆ ದೊಡ್ಡದಾಗಿ ಹೆಣೆಯುತ್ತಿದ್ದಳು. ಹಜಾರದಲ್ಲಿ ಕೂತ ಅಪ್ಪ ಅವಳ ಅಡುಗೆಯನ್ನೋ ತವರನ್ನೋ ಹಂಗಿಸತೊಡಗಿದರೆ ಕಡ್ಡಿಗಳ ವೇಗ ಹೆಚ್ಚುತ್ತಿತ್ತು.

"ಏನು ತಾಳ್ಮೆ ರೀ ನಿಮ್ಮದು, ಜಪ ಮಾಡಿದ ಹಾಗೆ," ಎಂದರು ಒಮ್ಮೆ ಪಕ್ಕದ ಮನೆಯಾಕೆ.

"ಜಪವೂ ಇಲ್ಲ, ಮಣ್ಣೂ ಇಲ್ಲ ಕಣ್ರೀ. ಕೈ ಸುಮ್ನಿದ್ರೆ ನಾನೂ ತಿರುಗಿ ಅಂದುಬಿಡ್ತೀನಿ," ಎಂದಳು ಅಮ್ಮ.

ಇಂದು ಟೀಚರ್, ಹೆಣೆಯುತ್ತಾ ನಿಮ್ಮೊಳಗೆ ನೋಡಿಕೊಳ್ಳಿ, ಎಂದರು. ನೋಡಿಕೊಂಡೆ. ಶಾಂತಿ ಇರಲಿಲ್ಲ, ಸಿಟ್ಟಿತ್ತು. ಅದರಲ್ಲಿ ನನ್ನದೆಷ್ಟು, ಅಮ್ಮನದೆಷ್ಟು ಎಂದು ತಿಳಿಯಲಿಲ್ಲ.