ಪಿತೃಪಕ್ಷದಲ್ಲಿ ತೆಗೆದ ವಿಮಾನದ ಟಿಕೆಟ್

ಸತ್ಯಭಾಮಾ ಅವರನ್ನು ಅರ್ಪಿತ ಮೊದಲು ಕಂಡದ್ದು ಒಂದು ಸೋಮವಾರ, ಬೆಳಿಗ್ಗೆ ಹತ್ತೂಕಾಲಿಗೆ. ಕತ್ರಿಗುಪ್ಪೆಯ ಬೇಕರಿಯೊಂದರ ಮೇಲಿದ್ದ ಅವರ ಟಿಕೆಟ್ ಅಂಗಡಿಗೆ, ಮಾಗಡಿ ಕಡೆಯ ಹಳ್ಳಿಯಿಂದ, ಬಿ.ಕಾಂ. ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಕೆಲಸ ಕೇಳಲು ಬಂದಿದ್ದಳು. ಸತ್ಯಭಾಮಾ ಕನ್ನಡಕವನ್ನು ಹಣೆಗೇರಿಸಿ, ವಿಮಾನದ ಟಿಕೆಟ್ ಒಂದನ್ನು ಅವಳ ಮುಂದಿಟ್ಟರು.

“ಇದ್ರಲ್ಲಿ ಟ್ಯಾಕ್ಸ್ ಎಷ್ಟು, ಯಾತಕ್ಕೆ, ಹೇಳು.”

“ಗೊತ್ತಿಲ್ಲ ಮೇಡಂ.”

“ಗೊತ್ತಿಲ್ಲ ಅಂದ್ಯಲ್ಲ, ಸದ್ಯ! ಹೋದ ವಾರ ಬಂದವನು ಅರ್ಧ ಗಂಟೆ ಕೊರೆದು ಎಲ್ಲಾ ತಪ್ಪೇ ಹೇಳಿದ. ನಾಳೆಯಿಂದ ಬಾ.”

ಎರಡು ವರ್ಷದ ಮೇಲೆ, 2025ರ ಸೆಪ್ಟೆಂಬರಿನಲ್ಲಿ, ವಿಮಾನದ ಟ್ಯಾಕ್ಸ್ ಏರುತ್ತದೆಂಬ ಸುದ್ದಿ ಹಬ್ಬಿತು. ಜನ ಅಂಗಡಿಗೆ ಓಡಿ ಬಂದರು. ಬಂದವರನ್ನೆಲ್ಲ ಸತ್ಯಭಾಮಾ ವಾಪಸು ಕಳಿಸಿದರು. “ನಿಮ್ದು ಸಾದಾ ಸೀಟು ಸಾರ್. ಅದಕ್ಕೆ ಅದೇ ಐದು ಪರ್ಸೆಂಟ್. ಏರೋದು ಮುಂದುಗಡೆ ಬಿಸಿನೆಸ್ ಕ್ಲಾಸಿನ ದೊಡ್ಡ ಸೀಟಿಗೆ, ಹನ್ನೆರಡರಿಂದ ಹದಿನೆಂಟಕ್ಕೆ. ಗಾಬರಿಯಾಗಿ ಟಿಕೆಟ್ ತಗೋಬೇಡಿ.” ಕೈಗೆ ಬಂದ ವ್ಯಾಪಾರ ಮೆಟ್ಟಿಲಿಳಿದು ಹೋಗುವುದನ್ನು ನೋಡುತ್ತ ಅರ್ಪಿತಳಿಗೆ ಬೇಸರವಾಯಿತು; ಇಂಥವರ ಕೈಕೆಳಗೆ ದುಡಿಯುತ್ತಿದ್ದೇನೆಂಬ ಹೆಮ್ಮೆಯೂ ಆಯಿತು.

ನಿಜವಾಗಿ ಅವಸರ ಮಾಡಬೇಕಿದ್ದವರು ಗೊಟ್ಟಿಗೆರೆಯ ಚಿಕ್ಕಬೈರಪ್ಪ, ಬೈರಮ್ಮ ದಂಪತಿ. ಗಂಡನ ಎಡಗಾಲಿಗೆ ರಾಡು ಹಾಕಿದ್ದರಿಂದ ಅದು ಮಡಚುತ್ತಿರಲಿಲ್ಲ. ದೊಡ್ಡ ಸೀಟೇ ಆಗಬೇಕು. ಕಾರ್ತೀಕದಲ್ಲಿ ಗಯೆಗೆ ಹೋಗಿ ತಂದೆತಾಯಿಗೆ ಪಿಂಡ ಇಡಬೇಕೆಂಬುದು ಅವರ ಬಹು ದಿನದ ಆಸೆ. ಎರಡು ಮನೆಯ ಬಾಡಿಗೆಯಲ್ಲಿ ಕೂಡಿಟ್ಟದ್ದು ಇಬ್ಬರ ಟಿಕೆಟಿಗೆ ಸರಿಯಾಗಿತ್ತು. ದರ ಏರಿದರೆ ಸಾಲದು. ಪಕ್ಕದಲ್ಲೇ ಹೆಂಡತಿಯ ಆಸರೆಯಿಲ್ಲದೆ ಚಿಕ್ಕಬೈರಪ್ಪ ಹೊರಡುವಂತಿರಲಿಲ್ಲ, ಹಾಗಾಗಿ ಬೈರಮ್ಮನಿಗೂ ದೊಡ್ಡ ಸೀಟೇ.

“ಹಳೇ ದರ ಇವತ್ತೇ ಕೊನೆ,” ಎಂದರು ಸತ್ಯಭಾಮಾ, ಅಂಗಡಿಗೆ ಬಂದ ದಂಪತಿಗೆ.

ಅಂದು ಮಹಾಲಯ ಅಮಾವಾಸ್ಯೆ. ಬೈರಮ್ಮ ಜಗ್ಗಲಿಲ್ಲ. “ಪಕ್ಸ ಮುಗೀಲಿ ಕಣಮ್ಮ. ಪಕ್ಸದಾಗೆ ನಾವು ಏನೂ ಸುರು ಮಾಡಲ್ಲ. ನಾಳೆ ನವರಾತ್ರಿ, ನಾಳೆ ತಗೋತೀವಿ.”

“ನಾಳೆ ಟ್ಯಾಕ್ಸ್ ಏರತ್ತೆ.”

“ಆ ವಿಮಾನದೋರೇ ಕಟ್ಕೊಳ್ಳಲಿ!”

“ಅವರು ಯಾಕೆ ಕಟ್ತಾರೆ? ನಮ್ಮ ಟಿಕೆಟ್ ಮೇಲೆ ಹಾಕ್ತಾರೆ. ನೀವು ಬರ್ದೆ ಸೀಟು ಖಾಲಿ ಹೋದ್ರೆ ಆಗ ಅವರಿಗೂ ನಷ್ಟ, ಅಷ್ಟೆ.” ಸತ್ಯಭಾಮಾ ಕುರ್ಚಿ ಎಳೆದುಕೊಂಡು ಬೈರಮ್ಮನ ಎದುರು ಕೂತರು. “ನೀವು ಮನೆಗೆ ಗುದ್ದಲಿ ಪೂಜೆ ಮಾಡ್ತಿದ್ರೆ ಇವತ್ತು ಬೇಡ ಅಂತ ನಾನೇ ಹೇಳ್ತಿದ್ದೆ. ಹೊರಟಿರೋದು ಗಯೆಗೆ. ಅತ್ತೆ ಮಾವನ ಕೆಲ್ಸಕ್ಕೆ ಹಿರಿಯರ ದಿನಕ್ಕಿಂತ ಒಳ್ಳೆ ದಿನ ಇನ್ಯಾವುದಿದೆ ಹೇಳಿ?”

ಚಿಕ್ಕಬೈರಪ್ಪ ನಕ್ಕುಬಿಟ್ಟರು. “ತಗೊಳ್ಳೇ. ನಮ್ಮಪ್ಪ ಒಂದು ಬೀಡಿಗೂ ಚೌಕಾಸಿ ಮಾಡ್ತಿದ್ದೋನು. ಜಾಸ್ತಿ ಟ್ಯಾಕ್ಸ್ ಕಟ್ಟಿ ಬಂದ್ರೆ ಪಿಂಡಾನೇ ಮುಟ್ಟಾಕಿಲ್ಲ!”

“ಬಾಯಿ ಮುಚ್ಚಿ ಸುಮ್ನಿರಿ,” ಎಂದು ಗದರಿ ಬೈರಮ್ಮ ಸೆರಗಿನ ಗಂಟು ಬಿಚ್ಚಿ ಬ್ಯಾಂಕ್ ಕಾರ್ಡು ತೆಗೆದರು. ಎರಡೂ ಟಿಕೆಟನ್ನು ಅರ್ಪಿತಳೇ ಮಾಡಿದಳು.

ಕಾರ್ತೀಕದಲ್ಲಿ ದಂಪತಿ ಗಯೆಗೆ ಹೋಗಿ ಬಂದರು. ಆಮೇಲೆ ಬೈರಮ್ಮ ಹೇಳಿದ್ದು ಕೇಳಿ, ಗೊಟ್ಟಿಗೆರೆಯಿಂದ ಅವರ ಓರಗೆಯವರು ಒಬ್ಬೊಬ್ಬರಾಗಿ ಅಂಗಡಿಯ ಮೆಟ್ಟಿಲು ಹತ್ತಿದರು. ಸತ್ಯಭಾಮಾ ಈಗ ಹೆಚ್ಚಾಗಿ ಕಾಶಿ, ಗಯೆಗೆ ಹೊರಟ ವಯಸ್ಸಾದವರಿಗೆ ಟಿಕೆಟ್ ಮಾಡಿಸಿ ಕೊಡುತ್ತಾರೆ.