ಲಿಯೋನಾ ಅತ್ತೆಯ ಹಜಾರದಲ್ಲಿ ನಮ್ಮ ಆಲೂಗಡ್ಡೆ

ಲಿಯೋನಾ ಅತ್ತೆಗೆ ನಾವು ಕೊಡಬೇಕಾದ ನಾಲ್ಕು ದಿನದ ಕೂಲಿ ಇನ್ನೂ ಬಾಕಿ. ಮೂವತ್ತೈದು ವರ್ಷವಾಯಿತು. ಆಲೂಗಡ್ಡೆ ಆರಿಸುವ ಷೆಡ್ಡಿನಲ್ಲಿ ದುಡಿಯುತ್ತಿದ್ದ ಹೆಂಗಸು ನಮ್ಮ ಮೂರ್ಖತನಕ್ಕಾಗಿ ನಾಲ್ಕು ದಿನ ರಜೆ ಹಾಕಿದಳು, ಮಾಲೀಕ ಸಂಬಳ ಹಿಡಿದ. ಕೂಲಿಕಾರರ ಪರ ಬೀದಿಯಲ್ಲಿ ಗಂಟಲು ಹರಿದುಕೊಂಡು ಬಂದಿದ್ದ ನಾವೇ ಅದಕ್ಕೆ ಕಾರಣ. ಕೊಡಲು ಹೋದಾಗೆಲ್ಲ ಬೈದು ಅಟ್ಟಿದ್ದಾಳೆ.

ಯುದ್ಧ ಬೇಡವೆಂದು ಕೂಗಿ, ಪೊಲೀಸರ ಏಟು ತಿಂದು, ಜೈಲು ನೋಡಿ ಬಂದ ಏಳು ಜನ ನಾವು. ಮೇಯ್ನ್ ರಾಜ್ಯದ ಉತ್ತರ ತುದಿಯಲ್ಲಿ ಅಗ್ಗಕ್ಕೆ ಜಮೀನು ಹಿಡಿದೆವು. ನಮ್ಮ ಊಟ ನಾವೇ ಬೆಳೆಯುತ್ತೇವೆಂಬ ಹಟ. ಪಕ್ಕದ ಹೊಲ ವಿಧವೆ ಲಿಯೋನಾ ಸಿರ್‌ಳದು. ಊರಿಗೆಲ್ಲ ಆಕೆ ಅತ್ತೆ.

ಚಳಿಗಾಲಕ್ಕೆ ಆಲೂಗಡ್ಡೆ ಇಡಲು ನೆಲಮಾಳಿಗೆ ಬೇಕಿತ್ತು. ಎಲ್ಲಿ ತೋಡುವುದೆಂದು ಸಭೆ ಕರೆದೆವು. ಏಳೂ ಜನ ಒಪ್ಪದೆ ಯಾವ ಕೆಲಸವೂ ಇಲ್ಲ, ಅದು ಚಳವಳಿಯ ಕಾಲದಿಂದ ಬಂದ ನಿಯಮ. ಇಳಿಜಾರಿನ ಬುಡದಲ್ಲಿ ಮಣ್ಣು ಮೆತ್ತಗಿದೆ, ಅಲ್ಲೇ ಅಂದೆವು. ಏಳನೆಯವನು ಆರ್ವಿನ್ ಒಪ್ಪಲಿಲ್ಲ. ಬೆಳಗ್ಗೆ ಶುರುವಾದ ಮಾತು ಸಂಜೆಗೆ ಬಂತು. ಕೊನೆಗೆ ಹಸಿವು ತಡೆಯದೆ ಅವನೂ ಕೈ ಎತ್ತಿದ.

ಗುದ್ದಲಿ ಹಾಕುವಾಗ ಅತ್ತೆ ಬೇಲಿ ಹತ್ತಿರ ಬಂದು ನಿಂತಳು.

"ಅಲ್ಲಿ ಬೇಡ ಕಣ್ರೋ. ಮಳೆ ಬಂದ್ರೆ ನಮ್ಮ ಹಸು ಅಲ್ಲೇ ಹೂತ್ಕೊಳ್ಳೋದು."

"ಎಲ್ಲಾರೂ ಒಪ್ಪಿ ತೀರ್ಮಾನ ಮಾಡಿದೀವಿ ಅತ್ತೆ," ಅಂದೆ.

"ಹೌದಾ? ನೀರನ್ನ ಕೇಳಿದ್ರಾ?"

ನಾವು ನಕ್ಕೆವು. ಆರ್ವಿನ್ ಮಾತ್ರ ನಗಲಿಲ್ಲ.

ಅಕ್ಟೋಬರಿನಲ್ಲಿ ಇಪ್ಪತ್ತೆರಡು ಚೀಲ ಒಳಗಿಟ್ಟೆವು. ಮೂರು ದಿನ ಮಳೆ ಹೊಡೆಯಿತು. ನಾಲ್ಕನೆಯ ಬೆಳಗ್ಗೆ ಬಾಗಿಲು ತೆಗೆದರೆ ಮೊಣಕಾಲುದ್ದ ನೀರು, ಒಂದು ಗೋಡೆ ಕುಸಿದು ಚೀಲಗಳ ಮೇಲೆ ಕೂತಿದೆ. ರಾತ್ರಿ ಹಿಮಗಟ್ಟುವ ಚಳಿ ಬರುತ್ತದೆಂದು ರೇಡಿಯೊ ಬೇರೆ ಹೇಳುತ್ತಿತ್ತು. ಒದ್ದೆ ಆಲೂಗಡ್ಡೆ ಹೆಪ್ಪುಗಟ್ಟಿದರೆ ಮುಗಿಯಿತು. ಕೈಯಲ್ಲಿ ಕಾಸಿಲ್ಲ. ಆ ಚೀಲಗಳು ಹೋದರೆ ಜಮೀನು ಬಿಟ್ಟು ಪಟ್ಟಣಕ್ಕೆ ವಾಪಸ್ ಓಡುವುದೇ.

ಅತ್ತೆಯನ್ನು ಕೇಳಬೇಕೋ ಬೇಡವೋ ಅಂತ ಅದಕ್ಕೂ ಸಭೆ ಕೂತರು! ನನಗೆ ರೇಗಿ ಎದ್ದು ಹೋದೆ. ಅತ್ತೆ ಕೆಲಸಕ್ಕೆ ಹೊರಟು ತಲೆಗೆ ಬಟ್ಟೆ ಕಟ್ಟುತ್ತಿದ್ದಳು.

"ಅತ್ತೆ, ನೀನು ಹೇಳಿದ್ದೇ ಸರಿ..."

"ಸರಿ ತಪ್ಪು ಆಮೇಲೆ ಕಕ್ಕು. ಚೀಲ ಎಷ್ಟಿವೆ?"

ಟ್ರ್ಯಾಕ್ಟರ್ ತಂದಳು. ಮೊಣಕಾಲವರೆಗೆ ಕೆಸರಲ್ಲಿ ನಿಂತು ಚೀಲ ಎಳೆದೆವು. ಅವಳ ಉಗ್ರಾಣ ಅವಳ ಬೆಳೆಯಿಂದಲೇ ತುಂಬಿತ್ತು. ಮನೆಯ ಮುಂದಿನ ಹಜಾರ ತೆಗೆದಳು. ಪಾದ್ರಿ ಬಂದಾಗ, ಹೆಣ ಮಲಗಿಸಿದಾಗ ಮಾತ್ರ ತೆರೆಯುವ ಕೋಣೆ ಅದು. ಅವಳ ಗಂಡನನ್ನೂ ಅಲ್ಲೇ ಮಲಗಿಸಿದ್ದು. ಜಮಖಾನೆ ಸುತ್ತಿಟ್ಟು, ಪರದೆ ಎಳೆದು, "ಸುರೀರಿ" ಅಂದಳು.

"ಇಲ್ಲೇನಾ? ಕೆಸರಾಗುತ್ತಲ್ಲ ಅತ್ತೆ!"

"ಕೆಸರು ಹೋಗುತ್ತೆ. ನೀವು ಹೋದ್ರೆ ಇಲ್ಲಿ ಬೈಯೋಕೆ ಇನ್ಯಾರಿದಾರೆ ನನಗೆ?"

ನಾಲ್ಕು ದಿನ ಮಂಡಿಯೂರಿ ಒರೆಸಿದೆವು, ಒಣಗಿಸಿದೆವು, ಕೊಳೆತದ್ದು ಆಚೆ ಎಸೆದೆವು. ಅವಳ ಬೆರಳು ಒಮ್ಮೆ ಒತ್ತಿದರೆ ಸಾಕು, ಒಳಗಿನ ಕೊಳೆ ಹೇಳಿಬಿಡುತ್ತಿತ್ತು. ಷೆಡ್ಡಿನಲ್ಲಿ ಇಪ್ಪತ್ತು ವರ್ಷ ನಿಂತು ಕಲಿತ ಬೆರಳು. ಮಧ್ಯಾಹ್ನಕ್ಕೆ ಕಪ್ಪು ಗೋಧಿಯ ದಪ್ಪ ದೋಸೆ, ಅದಕ್ಕೆ ಬೆಣ್ಣೆ. "ಜೈಲಲ್ಲಿ ಇದಕ್ಕಿಂತ ಚೆನ್ನಾಗಿ ಹಾಕ್ತಿದ್ರಾ?" ಅಂತ ಕೆಣಕುತ್ತಿದ್ದಳು.

ಹದಿನಾಲ್ಕು ಚೀಲ ಉಳಿಯಿತು. ತನ್ನ ಬೆಳೆಯನ್ನು ಒತ್ತರಿಸಿ ಉಗ್ರಾಣದಲ್ಲಿ ಜಾಗ ಮಾಡಿಕೊಟ್ಟಳು. ಚಳಿಗಾಲವೆಲ್ಲ ವಾರಕ್ಕೊಮ್ಮೆ ತರಲು ಹೋದೆವು. ಹೋದಾಗೆಲ್ಲ ಒಂದು ಕೆಲಸ ಕಲಿತು ಬಂದೆವು. ನೆಲಮಾಳಿಗೆ ಮತ್ತೆ ಕಟ್ಟಲೇ ಇಲ್ಲ, ಆ ಹೊಂಡದಲ್ಲಿ ಈಗ ಬಾತುಕೋಳಿ. ಅದು ಕುಸಿಯದೆ ನಿಂತಿದ್ದರೆ ನಾವು ಏಳು ಜನ ಬೇಲಿಯೊಳಗೇ ಸಭೆ ನಡೆಸಿಕೊಂಡು ಎರಡು ವರ್ಷಕ್ಕೆ ಗಂಟುಮೂಟೆ ಕಟ್ಟುತ್ತಿದ್ದೆವು. ನಾವು ಈ ನೆಲದಲ್ಲಿ ಉಳಿದದ್ದು ಅವಳಿಂದ.

ನಿಮಗೂ ಅಂಥವರು ಒಬ್ಬರಿದ್ದಾರೆ. ಹೇಳಿದ್ದನ್ನು ನೀವು ಕೇಳಲಿಲ್ಲ, ಕೆಟ್ಟಿರಿ. ಆಗ ಚುಚ್ಚದೆ ಬಂದು ಕೆಸರಿಗಿಳಿದರು. ಅವರಿಗೆ ಹಬ್ಬಕ್ಕೊಂದು ಕಾಗದ ಬರೆದು ಕೈ ತೊಳೆದುಕೊಳ್ಳಬೇಡಿ. ನಾಳೆ ಅವರ ಮನೆಗೆ ಹೋಗಿ, ಕೆಲಸದ ಬಟ್ಟೆಯಲ್ಲೇ ಹೋಗಿ. ಏನು ಮಾಡಬೇಕೆಂದು ಕೇಳಿ, ಅವರು ಹೇಳಿದ್ದನ್ನು ಮಾಡಿ.